ತೋರಿಸುವ ರೊಕ್ಕ, ಉಣ್ಣುವ ರೊಕ್ಕ

2024ರ ಅಕ್ಟೋಬರ್‌ನಲ್ಲಿ ವಿಜಯಪುರದ ಗಾಂಧಿ ಚೌಕದ ಹತ್ತಿರ ಮಹಡಿ ಮೇಲಿನ ಒಂದು ಕಚೇರಿಯಲ್ಲಿ ಆಸ್ಟ್ರೇಲಿಯಾದ ವೀಸಾ ಲಾಟರಿಗೆಂದು ನನಗೆ ಮೂರು ಲಕ್ಷ ರೂಪಾಯಿ ಕೇಳಿದ್ದರು. "ತಮ್ಮಾ, ಲಾಟರಿಯೊಳಗ ಹೆಸರ ಬರಿಸೂದು ನಮಗ ಬಿಡು. ಈಗ ಐವತ್ತು ಸಾವಿರ ಕೊಡು, ಉಳಿದದ್ದು ವೀಸಾ ಬಂದಮ್ಯಾಲ" ಅಂದರು. ಐವತ್ತು ಸಾವಿರ ನನ್ನ ಕಿಸೆಯಲ್ಲೇ ಇತ್ತು. ಮಣೂಕ (ಒಣದ್ರಾಕ್ಷಿ) ಮಾರಿ ಬಂದದ್ದರಲ್ಲಿ ಅಪ್ಪ ನನ್ನ ಪಾಲಿಗೆ ಕೊಟ್ಟ ರೊಕ್ಕ. ಒಂದು ಚಹಾ ಕುಡಿದು ಬರುತ್ತೇನೆಂದು ಕೆಳಗಿಳಿದೆ. ಗಾಂಧೀಜಿ ಮೂರ್ತಿ ಕಾಣುವ ಕಡೆ ನಿಂತು, ಆಸ್ಟ್ರೇಲಿಯಾ ಸರ್ಕಾರದ ಪುಟವನ್ನು ಮೊಬೈಲಿನಲ್ಲಿ ಮೊದಲ ಸಲ ಪೂರ್ತಿ ಓದಿದೆ. ಹೆಸರು ನೋಂದಾಯಿಸಲು 25 ಆಸ್ಟ್ರೇಲಿಯನ್ ಡಾಲರ್. ಆಯ್ಕೆ ಮಾಡುವುದು ಕಂಪ್ಯೂಟರ್. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ನಾನು ತಿಕೋಟಾ ಭಾಗದವನು. ಮನೆಯಲ್ಲಿ ಮೂರು ಎಕರೆ ದ್ರಾಕ್ಷಿ, ಒಂದು ಒಣದ್ರಾಕ್ಷಿ ಶೆಡ್ಡು. ವಿಜಯಪುರದಲ್ಲಿ ಕನ್ನಡ ಮಾಧ್ಯಮದಲ್ಲೇ ಬಿ.ಎ. ಮುಗಿಸಿ, ಎರಡು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆದೆ. ನಮ್ಮ ಕಡೆ ದುಡಿಯಲು ಹೊರಗೆ ಹೋಗುವುದು ಹೊಸದಲ್ಲ. ಕಬ್ಬು ಕಡಿಯಲು ಮುಂಗಡ ತೆಗೆದುಕೊಂಡು ಮಹಾರಾಷ್ಟ್ರಕ್ಕೆ ಹೋಗುವವರಿದ್ದಾರೆ, ಗೋವಾಕ್ಕೆ ಗುಳೆ ಹೋಗುವವರಿದ್ದಾರೆ, ಸೌದಿಗೆ ಹೋದವರೂ ಇದ್ದಾರೆ. ಆದರೆ ಒಂದು ವರ್ಷ ಮಾತ್ರ ಹೋಗಿ, ದುಡಿದು, ದೇಶ ನೋಡಿ ಬರುವ ದಾರಿ ನಮ್ಮಂಥವರಿಗೆ ತೆರೆದದ್ದು ಈಚೆಗೆ. ಭಾರತ ಮತ್ತು ಆಸ್ಟ್ರೇಲಿಯಾ 2022ರ ಏಪ್ರಿಲ್ 2ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದದ ಫಲವಾಗಿ, ವರ್ಷಕ್ಕೆ 1,000 ಭಾರತೀಯರಿಗೆ 'ವರ್ಕ್ ಆ್ಯಂಡ್ ಹಾಲಿಡೇ' ವೀಸಾ ಕೊಡುವುದೆಂದಾಯಿತು. ವಯಸ್ಸು 18ರಿಂದ 30. ಮೊದಲ ಲಾಟರಿಗೆ ಹೆಸರು ಕೊಡಲು 2024ರ ಅಕ್ಟೋಬರ್ ಇಡೀ ತಿಂಗಳು ಅವಕಾಶವಿತ್ತು. ಮೊದಲ ಎರಡು ವಾರದಲ್ಲೇ ಸುಮಾರು 40 ಸಾವಿರ ಜನ ಹೆಸರು ಕೊಟ್ಟರೆಂದು ಅಲ್ಲಿನ ಮಂತ್ರಿಯೊಬ್ಬರು ಹೇಳಿದರು. ಅಷ್ಟು ಹೆಸರುಗಳ ನಡುವೆ ನನ್ನದು ಬಂತು. ಅದು ನನ್ನ ಜಾಣತನವಲ್ಲ. ಬಂದ ಮೇಲೆ ನಾನು ಮಾಡಿದ್ದು, ಮಾಡದೆ ಬಿಟ್ಟದ್ದು ಮಾತ್ರ ನನ್ನವು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಾಟರಿಯಲ್ಲಿ ಹೆಸರು ಬಂದರೆ ವೀಸಾ ಸಿಕ್ಕಿತು ಎಂದಲ್ಲ. ಅಲ್ಲಿಂದ 28 ದಿನದೊಳಗೆ ಅರ್ಜಿ ಹಾಕಬೇಕು. ತಯಾರಿ ಶುರು ಮಾಡಲು ಆ 28 ದಿನ ಯಾತಕ್ಕೂ ಸಾಲುವುದಿಲ್ಲ. ನನ್ನ ಪಾಸ್‌ಪೋರ್ಟು ಮೊದಲೇ ಇತ್ತು, ಹುಬ್ಬಳ್ಳಿಗೆ ಹೋಗಿ 1,500 ರೂಪಾಯಿ ತುಂಬಿ ಮಾಡಿಸಿಕೊಂಡದ್ದು. ಆದರೆ ನಮ್ಮ ಕಡೆಯ ಹೆಸರಿನ ತ್ರಾಸು ನಿಮಗೂ ಗೊತ್ತಿರುತ್ತದೆ: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಒಂದೊಂದು ಕಾಗದದಲ್ಲಿ ಒಂದೊಂದು ಸಾಲಿನಲ್ಲಿ. ನನ್ನ ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆ ಇತ್ತು. ಅದನ್ನು ತಿದ್ದಿಸಲು ಮೂರು ವಾರ ಹಿಡಿಯಿತು. ಸೆಪ್ಟೆಂಬರ್‌ನಲ್ಲೇ ತಿದ್ದಿಸಿದ್ದರಿಂದ ಪಾರಾದೆ. ಇಂಗ್ಲಿಷ್ ಪರೀಕ್ಷೆಗೆ ಪುಣೆಗೆ ಹೋದೆ. ಐಇಎಲ್‌ಟಿಎಸ್‌ನಲ್ಲಿ ಈ ವೀಸಾಕ್ಕೆ ಬೇಕಾದದ್ದು ಸರಾಸರಿ 4.5 ಅಂಕ. ಕನ್ನಡ ಮಾಧ್ಯಮದವರು ಅಂಜಬೇಕಾದ ಮಟ್ಟವಲ್ಲ. ನಾನು ದಿನಕ್ಕೆ ಒಂದು ತಾಸಿನಂತೆ ನಾಲ್ಕು ತಿಂಗಳು ಓದಿದೆ, ತೋಟದಲ್ಲಿ ಔಷಧಿ ಹೊಡೆಯುವಾಗ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದೆ. 5.5 ಬಂತು. ಪರೀಕ್ಷೆಯ ಶುಲ್ಕ ಆಗ ಹದಿನೇಳು ಸಾವಿರದ ಆಸುಪಾಸು ಇತ್ತು. ಒಂದೇ ಸಲಕ್ಕೆ ಪಾಸಾಗುವಷ್ಟು ಓದಿಕೊಂಡೇ ಕೂರಬೇಕು. ವೈದ್ಯಕೀಯ ತಪಾಸಣೆಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿಬಂದೆ. ವೀಸಾ ಶುಲ್ಕ ಆಗ 650 ಡಾಲರ್ ಇತ್ತು, ಆಗಿನ ದರದಲ್ಲಿ ಸುಮಾರು 35 ಸಾವಿರ ರೂಪಾಯಿ.

ಇಲ್ಲಿಯವರೆಗೆ ನನ್ನ ಕೈಯಲ್ಲಿದ್ದ ಮೂರು ಲಕ್ಷದ ಹತ್ತು ಸಾವಿರದಲ್ಲಿ 65 ಸಾವಿರ ಹೋಗಿತ್ತು. ಇನ್ನು ನಾನು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ.

ಈ ವೀಸಾಕ್ಕೆ ಅರ್ಜಿ ಹಾಕುವವರ ಖಾತೆಯಲ್ಲಿ 5,000 ಡಾಲರ್ ಇರಬೇಕು, ಅದರ ಮೇಲೆ ತಿರುಗಿ ಬರುವ ಟಿಕೆಟ್ಟಿನ ರೊಕ್ಕ. 5,000 ಡಾಲರ್ ಅಂದರೆ ಸುಮಾರು 2 ಲಕ್ಷ 70 ಸಾವಿರ ರೂಪಾಯಿ. ನನಗೆ ಕಡಿಮೆ ಬಿತ್ತು. ಬಬಲೇಶ್ವರದ ಕಾಕಾನ ಹತ್ತಿರ ಹೋದೆ. ಕಾಕಾ ಒಂದು ಲಕ್ಷ ಇಪ್ಪತ್ತು ಸಾವಿರ ಖಾತೆಗೆ ಹಾಕಿ, "ತೋರಿಸಿ ತಿರುಗಿ ಕೊಡಪಾ, ನನಗ ಔಷಧಿ ಅಂಗಡಿ ಬಾಕಿ ಮುಟ್ಟಿಸೂದೈತಿ" ಅಂದ. ನಾನೂ ಹಾಗೇ ತಿಳಿದಿದ್ದೆ: ಅದು ತೋರಿಸುವ ರೊಕ್ಕ. ವೀಸಾ ಬಂತು, ಕಾಕಾನ ರೊಕ್ಕ ಮುಟ್ಟಿಸಿದೆ. ಹೋಗುವ ಟಿಕೆಟ್ 45 ಸಾವಿರ, ಆರೋಗ್ಯ ವಿಮೆ 30 ಸಾವಿರ, ಬೂಟು, ಸ್ವೆಟರ್, ಓಡಾಟ ಸೇರಿ 20 ಸಾವಿರ. ವಿಮಾನ ಹತ್ತುವಾಗ ನನ್ನ ಹತ್ತಿರ ಉಳಿದದ್ದು ಒಂದೂವರೆ ಲಕ್ಷ, ಸುಮಾರು 2,750 ಡಾಲರ್.

ಆ ದೇಶದವರು ಐದು ಸಾವಿರ ಯಾಕೆ ಕೇಳುತ್ತಾರೆಂದು ನಾನು ಒಂದು ದಿನವೂ ವಿಚಾರ ಮಾಡಿರಲಿಲ್ಲ. ಕೆಲಸ ಸಿಗುವತನಕ ಉಣ್ಣಲು ಬೇಕಾಗುವ ರೊಕ್ಕ ಅದು. ಅದನ್ನು ಅಲ್ಲಿ ಹೋಗಿ ಹಸಿದಾಗ ಕಲಿತೆ.

ನಾನು ಹೋದದ್ದು ಮಿಲ್ಡೂರಾಕ್ಕೆ. ಮೆಲ್ಬರ್ನ್‌ನಿಂದ ಸುಮಾರು 540 ಕಿಲೋಮೀಟರ್ ಒಳನಾಡು, ಮರ್ರೆ ನದಿಯ ದಂಡೆ. ಆ ಊರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ನಮ್ಮ ಕಡೆ ಹಸಿ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆಟ್ ಮೇಲೆ ಹರವಿ ಮಣೂಕ ಮಾಡುತ್ತೇವಲ್ಲ, ತೋಟಗಾರಿಕೆ ಪುಸ್ತಕಗಳಲ್ಲಿ ಆ ದ್ರಾವಣಕ್ಕೆ ಆಸ್ಟ್ರೇಲಿಯಾದ ಹೆಸರೇ ಇದೆ. ಅದು ಬಳಕೆಯಲ್ಲಿರುವ ಸೀಮೆ ಮಿಲ್ಡೂರಾ. 1887ರಲ್ಲಿ ಚಾಫಿ ಎಂಬ ಅಣ್ಣತಮ್ಮಂದಿರು ನದಿಯ ನೀರೆತ್ತಿ ಆ ಒಣ ನೆಲವನ್ನು ತೋಟ ಮಾಡಲು ಹೊರಟರು. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಬರುವ ಮೊದಲು ಬಳ್ಳಿಗೆ ಟ್ಯಾಂಕರ್ ನೀರು ಹಾಕಿದ ಮನೆಯ ಮಗ ನಾನು. ಆ ನೆಲ ನನಗೆ ಪರದೇಶ ಅನ್ನಿಸಲಾರದು ಎಂದುಕೊಂಡಿದ್ದೆ.

ಹೊರಟಾಗ ಅಪ್ಪ ಕೇಳಿದ್ದ: "ಬಳ್ಳಿ ಕೆಲಸ ಬೇಕಂದ್ರ ಇಲ್ಲೇ ಐತಲ್ಲೋ. ಈಗ ಅಲ್ಲಿ ಹಂಗಾಮ ಐತೇನು?" ನಾನು ಉತ್ತರ ಕೊಡಲಿಲ್ಲ. ವೀಸಾ ಬಂದ ಮೇಲೆ 12 ತಿಂಗಳೊಳಗೆ ಯಾವಾಗ ಬೇಕಾದರೂ ಆ ದೇಶ ಪ್ರವೇಶಿಸಬಹುದು. ಕಾಲಿಟ್ಟ ದಿನದಿಂದ ವರ್ಷದ ಲೆಕ್ಕ ಶುರು. ಇಷ್ಟು ಬಿಡುವಿದ್ದರೂ ಅವಸರ ಮಾಡಿ 2025ರ ಏಪ್ರಿಲ್ ಕೊನೆಯಲ್ಲಿ ಹೋಗಿ ಇಳಿದೆ. ದ್ರಾಕ್ಷಿ ಸುಗ್ಗಿ ಅಲ್ಲಿ ಫೆಬ್ರುವರಿ, ಮಾರ್ಚ್. ಅದು ಮುಗಿದಿತ್ತು. ಕಿತ್ತಳೆ ಇನ್ನೂ ಹಣ್ಣಾಗಿರಲಿಲ್ಲ. ಬಳ್ಳಿಯ ಚಾಟ್ನಿ (ಕಡ್ಡಿ ಕತ್ತರಿಸುವ ಕೆಲಸ) ಶುರುವಾಗುವುದು ಚಳಿ ಬಿದ್ದ ಮೇಲೆ, ಜೂನ್‌ಗೆ. ದ್ರಾಕ್ಷಿ ಬೆಳೆಗಾರನ ಮಗನಾಗಿ ಹಂಗಾಮು ಕೇಳದೆ ಹೋದದ್ದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಆರು ವಾರ ಕೆಲಸವಿಲ್ಲ. ಕೂಲಿಗೆ ಬಂದವರು ಇರುವ ಒಂದು ವಸತಿಯಲ್ಲಿ ಹಾಸಿಗೆಗೆ ವಾರಕ್ಕೆ 210 ಡಾಲರ್, ಊಟಕ್ಕೆ ಎಪ್ಪತ್ತು ಎಂಬತ್ತು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮೂರು ವಾರ ಬಂದವು. ಅಂದ ಹಾಗೆ, ವಿಮಾನ ನಿಲ್ದಾಣದಲ್ಲಿ ಕೊಡುವ ಕಾಗದದಲ್ಲಿ ತಿನ್ನುವ ವಸ್ತು ಇದೆ ಎಂದು ಗುರುತು ಹಾಕಿ, ಅಧಿಕಾರಿಗೆ ತೋರಿಸಿಯೇ ಅವನ್ನು ಒಯ್ದೆ. ತೋಟಕ್ಕೆ ಹೋಗಿದ್ದಿರಾ, ಬೂಟಿಗೆ ಮಣ್ಣಿದೆಯಾ ಎಂದೂ ಕೇಳುತ್ತಾರೆ. ಮನೆಯಲ್ಲೇ ಬೂಟು ತೊಳೆದು ಒಣಗಿಸಿದ್ದು ಒಳ್ಳೆಯದಾಯಿತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು. ಜೂನ್ ಮೊದಲ ವಾರಕ್ಕೆ ನನ್ನ ಖಾತೆಯಲ್ಲಿ ಉಳಿದದ್ದು ಒಂಬೈನೂರು ಚಿಲ್ಲರೆ ಡಾಲರ್. ತಿರುಗಿ ಬರುವ ಟಿಕೆಟ್ಟಿಗೇ ಅದು ಹೋಗುತ್ತಿತ್ತು. ಕಾಕಾನ ರೊಕ್ಕದ ನೆನಪು ಆ ರಾತ್ರಿಗಳಲ್ಲಿ ಬಂದಷ್ಟು ಯಾವತ್ತೂ ಬಂದಿಲ್ಲ. ಹತ್ತಿರ ಐದು ಸಾವಿರ ಪೂರ್ತಿ ಇದ್ದಿದ್ದರೆ ಮೊದಲು ಸಿಕ್ಕ ಕೆಲಸಕ್ಕೆ ಕಣ್ಣು ಮುಚ್ಚಿ ಒಪ್ಪುತ್ತಿರಲಿಲ್ಲ.

ಆ ಮೊದಲ ಕೆಲಸ ಕಿತ್ತಳೆ ಕೀಳುವುದು. ಒಬ್ಬ ಗುತ್ತಿಗೆದಾರ ಬಿನ್ (ದೊಡ್ಡ ಪೆಟ್ಟಿಗೆ) ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದ. ಹೊಸಬನ ಕೈ, ದಿನಕ್ಕೆ ಒಂದೂವರೆ ಬಿನ್ ತುಂಬಿದರೆ ಹೆಚ್ಚು. ಗಂಟೆಗೆ ಲೆಕ್ಕ ಹಾಕಿದರೆ ಹದಿಮೂರು ಡಾಲರೂ ಬೀಳುತ್ತಿರಲಿಲ್ಲ. ಊರಿನ ಕೂಲಿಯ ಮುಂದೆ ಅದೂ ದೊಡ್ಡದೇ ಅನ್ನಿಸಿ ಎರಡು ವಾರ ಸುಮ್ಮನಿದ್ದೆ. ಜೊತೆಗಿದ್ದ ಒಬ್ಬ ತೈವಾನ್ ಹುಡುಗ ಕಾನೂನು ತೋರಿಸಿದ. 2022ರ ಏಪ್ರಿಲ್ 28ರಿಂದ ಅಲ್ಲಿ ತುಂಬಿದಷ್ಟಕ್ಕೆ ಕೂಲಿ ಪಡೆಯುವ ತೋಟದ ಕೆಲಸಗಾರನಿಗೂ ದುಡಿದ ಗಂಟೆಗೆ ಕನಿಷ್ಠ ಕೂಲಿ ಬರಲೇಬೇಕು. ರಾಷ್ಟ್ರೀಯ ಕನಿಷ್ಠ ಕೂಲಿ ಆಗ ಗಂಟೆಗೆ 24.10 ಡಾಲರ್ ಇತ್ತು, 2025ರ ಜುಲೈನಿಂದ 24.95 ಆಯಿತು. ಕಾಯಂ ಅಲ್ಲದವರಿಗೆ ಮೂಲ ಕೂಲಿಯ ಮೇಲೆ ಶೇ 25 ಹೆಚ್ಚು. ನಾವು ನಾಲ್ವರು ಸೇರಿ, ಗಂಟೆಗಳನ್ನು ಬರೆದಿಟ್ಟ ವಹಿ ಹಿಡಿದು ಕೇಳಿದೆವು. ಬಾಕಿ ಕೊಟ್ಟ. ಆದರೆ ಮರುವಾರ ಕೆಲಸಕ್ಕೆ ಕರೆಯಲಿಲ್ಲ. ಆಮೇಲೆ ಒಬ್ಬ ಬೆಳೆಗಾರನ ಹತ್ತಿರ ನೇರವಾಗಿ ಚಾಟ್ನಿಗೆ ಹೋದೆ. ಕತ್ತರಿ ಹಿಡಿದು ಮೊದಲ ಸಾಲು ಮುಗಿಸುವಷ್ಟರಲ್ಲಿ ಆ ಮನುಷ್ಯ ಬಂದು ನನ್ನ ಕೈ ನೋಡಿದ, ಎಲ್ಲಿ ಕಲಿತೆ ಎಂದು ಕೇಳಿದ. ಅಪ್ಪನ ಹತ್ತಿರ ಅಂದೆ. ಅಲ್ಲಿಂದ ಮುಂದೆ ನನಗೆ ಕೆಲಸ ಹುಡುಕುವ ತ್ರಾಸು ಬರಲಿಲ್ಲ.

ಇನ್ನೊಂದು ಕೊರತೆ ಕಾರಿನ ಲೈಸೆನ್ಸು. ಟ್ರ್ಯಾಕ್ಟರ್ ಹೊಡೆಯುತ್ತೇನೆ, ಬೈಕ್ ಇದೆ, ಕಾರು ಕಲಿತಿರಲಿಲ್ಲ. ಅಲ್ಲಿ ತೋಟಗಳು ಊರಿಂದ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ದೂರ, ಮುಂಜಾನೆ ಬಸ್ಸಿಲ್ಲ. ಗುತ್ತಿಗೆದಾರರ ವ್ಯಾನಿಗೆ ದಿನಕ್ಕೆ ಹತ್ತು ಡಾಲರ್ ಮುರಿಯುತ್ತಿದ್ದರು. ವಿಜಯಪುರದಲ್ಲೇ ಕಾರು ಕಲಿತು ಲೈಸೆನ್ಸು ಮಾಡಿಸಿ ಹೋಗಿದ್ದರೆ ಹತ್ತು ಸಾವಿರ ರೂಪಾಯಿಯೊಳಗೆ ಮುಗಿಯುತ್ತಿತ್ತು.

ಊರಿಗೆ ಫೋನ್ ಮಾಡಿದಾಗ ಗೆಳೆಯರು ಗಂಟೆಯ ಕೂಲಿಯನ್ನು ಡಾಲರಿಗೆ 55 ರೂಪಾಯಿಯಂತೆ ಗುಣಿಸಿ ಬೆರಗಾಗುತ್ತಿದ್ದರು. ಬಾಡಿಗೆಯನ್ನೂ ಅದೇ 55ರಿಂದ ಗುಣಿಸಬೇಕು. ಈ ವೀಸಾದವರಿಗೆ ಮೊದಲ 45,000 ಡಾಲರ್ ಗಳಿಕೆಯ ಮೇಲೆ ಶೇ 15 ತೆರಿಗೆ, ಮೊದಲ ಡಾಲರಿನಿಂದಲೇ. ಮಾಲೀಕ ನಮ್ಮ ಹೆಸರಿಗೆ ನಿವೃತ್ತಿ ನಿಧಿಗೆ ಹಾಕುವ ಪಾಲು 2025ರ ಜುಲೈನಿಂದ ಶೇ 12. ಅದು ನಮ್ಮದೇ ರೊಕ್ಕ, ದೇಶ ಬಿಟ್ಟ ಮೇಲೆ ಕೇಳಿ ಪಡೆಯಬಹುದು. ಆದರೆ ಅದರಲ್ಲಿ ಶೇ 65 ತೆರಿಗೆಯಾಗಿ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಇಲ್ಲಿ ಸಾಲ ಮಾಡಬಾರದು. ಮಳೆ ಬಂದ ದಿನ ಕೆಲಸವಿಲ್ಲ, ಕೆಲಸವಿಲ್ಲದ ದಿನ ಕೂಲಿಯಿಲ್ಲ.

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯನ್ನು ಮೊಬೈಲಿನಲ್ಲಿ ನೋಡಿದೆ. ಫೆಬ್ರುವರಿಯಲ್ಲಿ ಕೊನೆಗೂ ಅಲ್ಲಿನ ಸುಗ್ಗಿ ಕಂಡೆ. ಅವರು ಗೊನೆ ಕೊಯ್ದು ಶೆಡ್ಡಿಗೆ ಹೊರುವುದಿಲ್ಲ. ಗೊನೆಯಿರುವ ಕಡ್ಡಿಯನ್ನು ಬುಡದಲ್ಲಿ ಕತ್ತರಿಸಿ, ಬಳ್ಳಿಯ ಮೇಲೇ ದ್ರಾವಣ ಸಿಂಪಡಿಸಿ, ಅಲ್ಲೇ ಒಣಗಲು ಬಿಟ್ಟು, ಆಮೇಲೆ ಯಂತ್ರದಿಂದ ಉದುರಿಸುತ್ತಾರೆ. ಆ ಡಿಪ್ಪಿಂಗ್ ಆಯಿಲಿನ ವಾಸನೆ ಮೂಗಿಗೆ ಬಡಿದಾಗ ನಮ್ಮ ಶೆಡ್ಡಿನ ಮುಂದೆ ನಿಂತ ಹಾಗಾಯಿತು. ಅದೇ ಹೊತ್ತಿಗೆ ಇಲ್ಲಿ ಅಪ್ಪನೂ ದ್ರಾಕ್ಷಿ ಅದ್ದುತ್ತಿದ್ದ.

ತಿರುಗಿ ಬಂದಾಗ ಟಿಕೆಟ್ ಕಳೆದು ನನ್ನ ಹತ್ತಿರ ಐದು ಲಕ್ಷದ ಎಂಬತ್ತು ಸಾವಿರ ಇತ್ತು. ನಾನು ಹಾಕಿದ್ದು ಮೂರು ಲಕ್ಷ ಹತ್ತು ಸಾವಿರ. ವರ್ಷಕ್ಕೆ ಎರಡು ಲಕ್ಷ ಎಪ್ಪತ್ತು ಸಾವಿರದ ಗಳಿಕೆ. ಹೊಲ ಒತ್ತೆಯಿಟ್ಟು, ಬಡ್ಡಿಗೆ ತಂದು, ಆ ಮಹಡಿಯ ಮೇಲೆ ಮೂರು ಲಕ್ಷವನ್ನೂ ಕೊಟ್ಟು ಹೋಗಿದ್ದರೆ ಬರಿಗೈಯಲ್ಲ, ಸಾಲ ಹೊತ್ತು ಬರುತ್ತಿದ್ದೆ.

ಈಗ ಚೌಕದಲ್ಲಿ ಸಿಕ್ಕ ಹುಡುಗರು ನನ್ನನ್ನು ಕೇಳುತ್ತಾರೆ, ಅವರ ಅವ್ವ ಅಪ್ಪಂದಿರೂ ಕೇಳುತ್ತಾರೆ. ಎಲ್ಲರಿಗೂ ಈ ವೀಸಾ ಹೊಂದುವುದಿಲ್ಲ. ಹತ್ತನೇ ತರಗತಿಯ ನಂತರ ಎರಡು ವರ್ಷದ ಓದು ಆಗಿದ್ದರೆ ಸಾಕು ಎಂದುಕೊಂಡವರಿದ್ದಾರೆ. ಪಿಯುಸಿಯಿಂದ ಆಗುವುದಿಲ್ಲ, ಅದರ ಮೇಲೆ ಎರಡು ವರ್ಷದ ಓದು ಬೇಕು. ಗಲ್ಫ್ ದೇಶಗಳಿಗೆ ಹೋಗುವವರಿಗೆ ಬೇರೆ ಕಾನೂನಿದೆ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿಯಾದ ಏಜೆಂಟ್ ಮಾತ್ರ ಆಳು ಕಳಿಸಬಹುದು, ಶುಲ್ಕ 30 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿ ಮೀರುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಇ-ಮೈಗ್ರೇಟ್ ಪುಟದಲ್ಲಿ ಹುಡುಕಿ ನೋಡಿ. ಎರಡು ವರ್ಷಕ್ಕೆ 275 ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಬಿಡಬೇಡಿ, ಅದರಲ್ಲಿ 10 ಲಕ್ಷದ ರಕ್ಷಣೆ ಇದೆ.

ಆಸ್ಟ್ರೇಲಿಯಾಕ್ಕೆ ಹೋಗುವ ಮನಸ್ಸಿದ್ದರೆ ಮೊದಲು ಎರಡು ವರ್ಷ ರೊಕ್ಕ ಕೂಡಿಸಿ, ಪೂರ್ತಿ ಐದು ಸಾವಿರ ಡಾಲರ್ ನಿಮ್ಮದೇ ಆದ ಮೇಲೆ ಹೆಸರು ಕೊಡಿ. ಹೆಸರು ಬರಿಸುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲಾಟರಿಗೆ ನಾನು ಕಟ್ಟಿದ್ದು 25 ಡಾಲರ್ ಮಾತ್ರ.