ಬಾಡಿಗೆಗೆ ಹೊಣೆ ಯಾರು?

ಆಸ್ಪತ್ರೆಗೋ ಮಕ್ಕಳ ಕಾಲೇಜಿಗೋ ಎಂದು ಹಾಸನ ಜಿಲ್ಲೆಯ ಬಾಳ್ಳುಪೇಟೆಯಿಂದ ಬೆಂಗಳೂರಿಗೆ ಹೋದವರು ಬಸ್ಸಿಳಿದ ಕೂಡಲೇ ಮೊಬೈಲ್ ತೆಗೆದು ಓಲಾ, ಊಬರ್, ರ‍್ಯಾಪಿಡೊ, ನಮ್ಮ ಯಾತ್ರಿಗಳಲ್ಲಿ ದರ ನೋಡುತ್ತಾರೆ. ಹತ್ತು ರೂಪಾಯಿ ಕಡಿಮೆ ಕಂಡದ್ದನ್ನು ಒತ್ತುತ್ತಾರೆ. ಊರಿನಲ್ಲಿದ್ದಾಗ ಸ್ಟ್ಯಾಂಡಿನ ಆಟೊ ಅಥವಾ ಪರಿಚಯದವರ ಜೀಪು. ಎರಡೂ ಕಡೆ ಹೋಲಿಕೆ ನಡೆಯುವುದು ದುಡ್ಡಿನ ಮೇಲೆ ಮಾತ್ರ. ಕಾನೂನಿನ ಕಣ್ಣಿನಿಂದ ನೋಡಿದರೆ ಮೊದಲು ಕೇಳಬೇಕಾದದ್ದು ಬೇರೆ: ಹೆಚ್ಚು ಕಡಿಮೆಯಾದಾಗ ಯಾರನ್ನು ಹಿಡಿದು ಕೇಳಬಹುದು? ಪ್ರಯಾಣಿಕರಿಗೂ ಚಾಲಕರಿಗೂ ಒಂದು ಸೇವೆಗಿಂತ ಇನ್ನೊಂದು ಮೇಲು ಎನಿಸಬೇಕಾದದ್ದು ಈ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ.

ಆ್ಯಪ್‌ಗಳಲ್ಲಿ ಈಗ ಎರಡು ಬಗೆ. ಪ್ರತಿ ಬಾಡಿಗೆಯಲ್ಲಿ ಪಾಲು ತೆಗೆದುಕೊಳ್ಳುವುದು ಒಂದು. ಚಾಲಕನಿಂದ ದಿನದ ಲೆಕ್ಕದಲ್ಲೋ ಟ್ರಿಪ್ ಲೆಕ್ಕದಲ್ಲೋ ಶುಲ್ಕ ಪಡೆದು ಬಾಡಿಗೆಯ ಹಣವನ್ನು ಪೂರ್ತಿ ಅವನಿಗೇ ಬಿಡುವುದು ಇನ್ನೊಂದು. 2022ರ ನವೆಂಬರ್ 1ರಂದು ಆಟೊ ಚಾಲಕರ ಸಂಘ ಮತ್ತು ಜಸ್ಪೇ ಸಂಸ್ಥೆ ಸೇರಿ ಆರಂಭಿಸಿದ ನಮ್ಮ ಯಾತ್ರಿ ಎರಡನೆಯ ಬಗೆಗೆ ದಾರಿ ಹಾಕಿತು. ಉಳಿದವರೂ ಒಬ್ಬೊಬ್ಬರಾಗಿ ಆ ಕಡೆ ಹೊರಳಿದರು. ನಮ್ಮ ಯಾತ್ರಿ ಶುರುವಾದದ್ದೂ ಜಗಳದ ನಡುವೆಯೇ. ಆಟೊಗೆ ಕನಿಷ್ಠವೇ 100 ರೂಪಾಯಿ ವಸೂಲಿ ಎಂಬ ದೂರುಗಳ ಮೇಲೆ ಸಾರಿಗೆ ಇಲಾಖೆ ಅದೇ ಅಕ್ಟೋಬರ್‌ನಲ್ಲಿ ಆ್ಯಪ್ ಆಟೊ ನಿಲ್ಲಿಸಲು ಹೇಳಿತ್ತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಸರ್ಕಾರ ಶೇ 5ರಷ್ಟು ಸೇವಾ ಶುಲ್ಕ ಮತ್ತು ಜಿಎಸ್‌ಟಿಗೆ ಮಿತಿ ಕಟ್ಟಿತು. 2024ರಲ್ಲಿ ಹೈಕೋರ್ಟ್ ಆ ಮಿತಿಯನ್ನು ಎತ್ತಿ ಹಿಡಿಯಿತು.

‘ನಾವು ಬರೀ ಸಾಫ್ಟ್‌ವೇರ್ ಕೊಡುವವರು, ಬಾಡಿಗೆ ಮಾತುಕತೆ ಚಾಲಕ ಮತ್ತು ಪ್ರಯಾಣಿಕರ ನಡುವಿನದು’ ಎಂಬ ವಾದ ಎರಡನೆಯ ಬಗೆಯವರಿಂದ ಬರುತ್ತದೆ. ತೆರಿಗೆಯ ಮಟ್ಟಿಗೆ ಈ ವಾದಕ್ಕೆ ಜಾಗವಿದೆ. ಪ್ರಯಾಣಿಕರ ಸುರಕ್ಷತೆ ಮತ್ತು ಪರವಾನಗಿಯ ಮಟ್ಟಿಗೆ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ವ್ಯಾಖ್ಯೆಯಂತೆ, ಪ್ರಯಾಣಕ್ಕಾಗಿ ಪ್ರಯಾಣಿಕ ಮತ್ತು ಚಾಲಕರನ್ನು ಜೋಡಿಸುವ ಡಿಜಿಟಲ್ ಮಧ್ಯವರ್ತಿಯೇ ಅಗ್ರಿಗೇಟರ್. ಕಮಿಷನ್ ಪಡೆಯಬೇಕೆಂಬ ಷರತ್ತು ಆ ಮಾತಿನಲ್ಲಿಲ್ಲ; ಜೋಡಿಸಿದರೆ ಸಾಕು. 93ನೇ ಕಲಮಿನಡಿ ಅವರಿಗೆ ಪರವಾನಗಿ ಬೇಕು. ಇಲ್ಲದೆ ನಡೆಸಿದರೆ 193ನೇ ಕಲಮಿನಡಿ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕವಂತೂ 2016ರಲ್ಲೇ ಇದಕ್ಕೆ ತನ್ನದೇ ನಿಯಮ ಮಾಡಿತ್ತು. ಹೀಗಾಗಿ ಪರವಾನಗಿ ಇದೆಯೇ, ದೂರು ಕೇಳಲು ಮನುಷ್ಯರಿದ್ದಾರೆಯೇ ಎಂದು ನೋಡುವುದು ಹತ್ತು ರೂಪಾಯಿ ಉಳಿತಾಯಕ್ಕಿಂತ ಮೊದಲ ಕೆಲಸ.

ದರಕ್ಕೂ ಕಾನೂನಿನ ಅಳತೆಯಿದೆ. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಆ್ಯಪ್ ಟ್ಯಾಕ್ಸಿ ಮತ್ತು ನಗರ ಟ್ಯಾಕ್ಸಿಗಳಿಗೆ ಒಂದೇ ದರ ಗೊತ್ತುಮಾಡಿತು. ಆ ಆದೇಶದಂತೆ 10 ಲಕ್ಷ ರೂಪಾಯಿವರೆಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಮುಂದೆ ಕಿ.ಮೀ.ಗೆ 24. ಅಂದರೆ 14 ಕಿ.ಮೀ. ಹೋದರೆ 340 ರೂಪಾಯಿ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. 120 ಕಿಲೊವರೆಗಿನ ಲಗೇಜಿಗೆ ದುಡ್ಡಿಲ್ಲ. ಬೇಡಿಕೆ ಏರಿದಾಗ ಮೂಲ ದರದ ಎರಡು ಪಟ್ಟಿನವರೆಗೆ ಪಡೆಯಬಹುದೆಂದು ಕೇಂದ್ರದ 2025ರ ಜುಲೈ ಮಾರ್ಗಸೂಚಿ ಹೇಳಿದರೂ ದರ ಗೊತ್ತುಮಾಡುವ ಅಧಿಕಾರ ರಾಜ್ಯದ್ದೇ. ಆಟೊ ಮೀಟರ್ ದರವನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಾರಿಗೆ ಪ್ರಾಧಿಕಾರ ಗೊತ್ತುಮಾಡುತ್ತದೆ. ಮಲೆನಾಡಿನ ಏರಿಳಿತದ ದಾರಿ, ಮಳೆಗಾಲ, ಖಾಲಿ ವಾಪಸ್ಸು ಇವೆಲ್ಲ ಇರುವಾಗ ನಗರದ ದರ ಇಲ್ಲಿ ಹೇಗೆ ಹೊಂದೀತು ಎಂಬ ಚಾಲಕರ ಆಕ್ಷೇಪ ಸುಳ್ಳಲ್ಲ. ಆದರೆ ಅದಕ್ಕೆ ದಾರಿ ಪ್ರಾಧಿಕಾರದ ಮುಂದೆ ಅರ್ಜಿ; ಮಳೆಯಲ್ಲಿ ನಿಂತ ಪ್ರಯಾಣಿಕರ ಹತ್ತಿರ ಚೌಕಾಶಿ ಅಲ್ಲ.

ಚಾಲಕರ ಕಡೆಯಿಂದ ನೋಡಿದರೆ ಶುಲ್ಕದ ಬಗೆ ಊರಿಗೆ ತಕ್ಕಂತೆ ಲಾಭ ನಷ್ಟ ತರುತ್ತದೆ. 2023ರಲ್ಲಿ ನಮ್ಮ ಯಾತ್ರಿ ಆಟೊ ಚಾಲಕರಿಗೆ ದಿನಕ್ಕೆ 25 ರೂಪಾಯಿ ಅಥವಾ ಟ್ರಿಪ್ಪಿಗೆ 3.50 ಎಂಬ ಆಯ್ಕೆ ಇಟ್ಟಿತು. ಏಳು ಟ್ರಿಪ್ಪಿಗೆ 24.50, ಎಂಟಕ್ಕೆ 28. ಬೆಂಗಳೂರಿನಲ್ಲಿ ದಿನವಿಡೀ ಓಡುವವನಿಗೆ ದಿನದ ಶುಲ್ಕ ಅಗ್ಗ. ದಿನಕ್ಕೆ ಎರಡೋ ಮೂರೋ ಬಾಡಿಗೆ ಸಿಗುವ ಸಣ್ಣ ಊರಿನವನಿಗೆ ಅದೇ ಭಾರ. ಇದಕ್ಕಿಂತ ದೊಡ್ಡದು ಐಡಿ ಬ್ಲಾಕ್ ಆಗುವ ಭಯ. ಕರ್ನಾಟಕದ 2025ರ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಇಲ್ಲಿ ನಿಜವಾದ ಆಸರೆ: ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸು, ಲಿಖಿತ ಕಾರಣ ಕೊಡಬೇಕು, ಗಣಕವೇ ಬಾಡಿಗೆ ಹಂಚುವ, ರೇಟಿಂಗ್ ಕೊಡುವ ಬಗೆಯನ್ನು ವಿವರಿಸಬೇಕು, ಕಲ್ಯಾಣ ನಿಧಿಗೆ ಪ್ರತಿ ಪಾವತಿಯ ಶೇ 1ರಿಂದ 5ರಷ್ಟನ್ನು ಅಗ್ರಿಗೇಟರ್ ತುಂಬಬೇಕು. ಕಲ್ಯಾಣ ಮಂಡಳಿಯಲ್ಲಿ ತಮ್ಮ ಹೆಸರು ನೋಂದಣಿಯಾಗಿದೆಯೇ ಎಂದು ಚಾಲಕರು ಖಾತರಿ ಮಾಡಿಕೊಳ್ಳಬೇಕು.

ಬಿಳಿ ಬೋರ್ಡ್ ವಾಹನದ ಬಾಡಿಗೆ ಅಗ್ಗ, ಕರೆದಾಗ ಬರುತ್ತದೆ ಎಂಬುದು ನಮ್ಮ ಕಡೆಯ ಬಲವಾದ ವಾದ. ಆದರೆ ಅಪಘಾತವಾದರೆ, ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಲಾಗಿತ್ತು ಎಂಬ ತಕರಾರನ್ನು ವಿಮಾ ಕಂಪನಿ ಎತ್ತಲು ಮೋಟಾರು ವಾಹನ ಕಾಯ್ದೆಯ 150ನೇ ಕಲಮು ಅವಕಾಶ ಕೊಡುತ್ತದೆ. ಆಗ ಚಾಲಕನ ಮನೆ, ಗದ್ದೆ ಬೀದಿಗೆ ಬರುತ್ತವೆ. ಪ್ರಯಾಣಿಕರ ಮನೆಯವರು ಪರಿಹಾರಕ್ಕೆ ವರ್ಷಗಟ್ಟಲೆ ಅಲೆಯುತ್ತಾರೆ. ರಾತ್ರಿ ಹೊತ್ತು ಕಾಯಿಲೆಯವರನ್ನು ಸಕಲೇಶಪುರಕ್ಕೋ ಹಾಸನಕ್ಕೋ ಒಯ್ಯಲು ಬೇರೆ ಗತಿ ಇಲ್ಲವಲ್ಲ ಎಂದರೆ, ಕಾನೂನು ಅದನ್ನೂ ಯೋಚಿಸಿದೆ. ರೋಗಿ, ಗಾಯಾಳುಗಳನ್ನು ತುರ್ತಾಗಿ ಸಾಗಿಸಿದ್ದಕ್ಕೆ, ಪರ್ಮಿಟ್ ಇಲ್ಲದ ಓಡಾಟಕ್ಕಿರುವ 192ಎ ಕಲಮಿನ ಶಿಕ್ಷೆ ಅನ್ವಯಿಸದು. ಏಳು ದಿನದೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ಅಷ್ಟೆ.

ಬಾಡಿಗೆಗೆ ಬರಲು ಒಲ್ಲೆ ಎಂದ ಆಟೊಗೆ 178ನೇ ಕಲಮಿನಡಿ ಗರಿಷ್ಠ ದಂಡ 50 ರೂಪಾಯಿ, ಟ್ಯಾಕ್ಸಿಗೆ 500. ಇಷ್ಟು ಸಣ್ಣ ದಂಡಕ್ಕೆ ಯಾರೂ ಹೆದರುವುದಿಲ್ಲ. ಹೆಚ್ಚು ವಸೂಲಿ, ವಾಪಸಾಗದ ಹಣದಂಥ ವಿಷಯಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಗಟ್ಟಿ ಆಯುಧ. ರೀಫಂಡ್ ಅನ್ನು ಕೂಪನ್ ಆಗಿಯಷ್ಟೇ ಕೊಡದೆ ಬ್ಯಾಂಕ್ ಖಾತೆಗೂ ಪಡೆಯುವ ಆಯ್ಕೆ ಇರಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಓಲಾಗೆ ಆದೇಶಿಸಿದ್ದು ಈ ಕಾಯ್ದೆಯಡಿಯೇ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಿವಾದವೆಲ್ಲ ದೂರದ ಊರಿನಲ್ಲಿ ಮಧ್ಯಸ್ಥಿಕೆಗೆ ಎಂದು ಆ್ಯಪ್ ಷರತ್ತಿನಲ್ಲಿ ಬರೆದಿದ್ದರೂ ಅಂಜಬೇಕಿಲ್ಲ. ಅಂಥ ಷರತ್ತು ಗ್ರಾಹಕ ವೇದಿಕೆಯ ಬಾಗಿಲು ಮುಚ್ಚದು ಎಂಬ ನಿಲುವನ್ನು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿ ಹಿಡಿದಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಮೋಸಹೋದ ಬಾಳ್ಳುಪೇಟೆಯವರಿಗೆ ಹಾಸನದ ಆಯೋಗವೇ ಸಾಕು. ವಕೀಲರು ಕಡ್ಡಾಯವಲ್ಲ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಬುಕಿಂಗ್ ಪರದೆಯ ಚಿತ್ರ, ಯುಪಿಐ ರಸೀದಿ, ವಾಹನದ ನಂಬರ್ ಇಟ್ಟುಕೊಂಡಿರಬೇಕು; ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.