ಸೀರೆಗೆ ಯಾವ ಚಪ್ಪಲಿ, ಸೂಟಿಗೆ ಯಾವ ಶೂ? ಮೊದಲು ಕಾಲನ್ನು ಕೇಳಿ



ಹೃದಯದ ಡಾಕ್ಟರು ಚಪ್ಪಲಿ, ಶೂ ಬಗ್ಗೆ ಬರೆಯುವುದೇ ಎಂದು ನಗಬೇಡಿ. ಮದುವೆ ಸೀಸನ್ ಮುಗಿದ ಮೇಲೆ ಒಂದು ವಾರ ನಮ್ಮ ಓಪಿಡಿಯಲ್ಲಿ ಕೂತರೆ ನಿಮಗೇ ಗೊತ್ತಾಗುತ್ತದೆ. ಮುಂಬೈಯಿಂದಲೋ ಹೈದರಾಬಾದಿನಿಂದಲೋ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗಿರುತ್ತಾರೆ. ಹತ್ತು ಹನ್ನೆರಡು ಗಂಟೆ ಕಾಲು ಇಳಿಬಿಟ್ಟು ಕೂತಿದ್ದರಿಂದ ಪಾದ ಊದಿರುತ್ತದೆ. ಬೆಳಿಗ್ಗೆ ಛತ್ರದಲ್ಲಿ ಸ್ನಾನ ಮುಗಿಸಿ, ಡಬ್ಬಿಯಿಂದ ಆಗಷ್ಟೇ ತೆಗೆದ ಹೊಸ ಶೂ ಒಳಗೆ ಆ ಪಾದವನ್ನು ತುರುಕಿಕೊಂಡು ರಿಸೆಪ್ಶನ್ ಮುಗಿಯುವವರೆಗೆ ನಿಂತಿರುತ್ತಾರೆ. ಶುಗರ್ ಇಲ್ಲದವರಿಗೆ ಬೊಬ್ಬೆ ಎದ್ದು ನೋವಾಗುತ್ತದೆ, ಶೂ ಬಿಚ್ಚುತ್ತಾರೆ, ಅಲ್ಲಿಗೆ ಮುಗಿಯಿತು. ಬಹಳ ವರ್ಷದಿಂದ ಶುಗರ್ ಇರುವವರಿಗೆ ಎಷ್ಟೋ ಸಲ ನೋವೇ ಆಗುವುದಿಲ್ಲ. ರಾತ್ರಿ ಸಾಕ್ಸ್‌ನಲ್ಲಿ ರಕ್ತದ ಕಲೆ ಕಂಡಾಗಲೇ ಮನೆಯವರಿಗೆ ಗೊತ್ತಾಗುವುದು. ಅದರ ಜೊತೆ ಕಾಲಿನ ರಕ್ತನಾಳವೂ ಕಿರಿದಾಗಿದ್ದರೆ ಆ ಸಣ್ಣ ಗಾಯ ತಿಂಗಳುಗಟ್ಟಲೆ ಆರುವುದಿಲ್ಲ. ಕೆಲವೊಮ್ಮೆ ಬೆರಳನ್ನೇ ತೆಗೆಯಬೇಕಾಗುತ್ತದೆ.

ನಾವು ಶೂ ಆರಿಸುವ ಕ್ರಮ ನೋಡಿ. ಮೊದಲು ಬಟ್ಟೆ, ಆಮೇಲೆ ಬಣ್ಣ, ಆಮೇಲೆ ಬೆಲೆ, ಕೊನೆಗೆ ಕಾಲು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಅಂಗಡಿಯವನ ಮಾತು ಬೇರೆ. ನಾನು ಹೇಳುವುದು ಈ ಕ್ರಮವನ್ನು ತಿರುಗಿಸಿ ಎಂದಷ್ಟೆ. ಕಾಲಿಗೆ ಏನು ಬೇಕು ಎಂದು ಮೊದಲು ತಿಳಿದುಕೊಂಡರೆ, ಬಟ್ಟೆಗೆ ಒಪ್ಪುವಂಥದ್ದು ಆ ಮಿತಿಯೊಳಗೇ ಸಿಗುತ್ತದೆ. ಚೆಂದ ಬಿಟ್ಟುಕೊಡಬೇಕಾಗಿಲ್ಲ.

*ಇವತ್ತು ರಾತ್ರಿ ಮನೆಯಲ್ಲೇ ಮಾಡಿ ನೋಡಿ*

ಸಾಕ್ಸ್ ಬಿಚ್ಚಿದ ಮೇಲೆ ಕಣಕಾಲಿನ ಸ್ವಲ್ಪ ಮೇಲೆ, ಮೂಳೆಯ ಮುಂಭಾಗದಲ್ಲಿ ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೆ ಕುಳಿ ಹಾಗೇ ಉಳಿದರೆ ಅದು ನೀರು ತುಂಬಿದ ಊತ. ದಿನವಿಡೀ ನಿಂತು ಕೆಲಸ ಮಾಡುವವರಿಗೆ, ಉಬ್ಬಿದ ರಕ್ತನಾಳ ಇರುವವರಿಗೆ ಸಂಜೆ ಸ್ವಲ್ಪ ಊತ ಬರುವುದುಂಟು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಬರುತ್ತದೆ. (ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಡಾಕ್ಟರಿಗೆ ಹೇಳಿ, ಡೋಸ್ ಕಡಿಮೆ ಮಾಡುವುದೋ ಬೇರೆ ಮಾತ್ರೆ ಕೊಡುವುದೋ ಅವರು ನೋಡುತ್ತಾರೆ.) ಹೃದಯದ ಪಂಪಿಂಗ್ ಕಡಿಮೆಯಾದಾಗ, ಕಿಡ್ನಿ ತೊಂದರೆಯಾದಾಗಲೂ ಊತ ಬರುತ್ತದೆ. ಹಾಗಾಗಿ ಹೊಸದಾಗಿ ಕಾಣಿಸಿಕೊಂಡ ಊತಕ್ಕೆ ದೊಡ್ಡ ಸೈಜಿನ ಶೂ ಕೊಂಡು ಸುಮ್ಮನಾಗಬೇಡಿ, ಕಾರಣ ತಿಳಿಯಬೇಕು.

ಎರಡನೆಯದು ಸ್ಪರ್ಶ. ಶುಗರ್ ಇರುವವರು ಕಣ್ಣು ಮುಚ್ಚಿ ಮಲಗಲಿ. ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು. ಆರು ಕಡೆ ಮುಟ್ಟಿದರೆ ಎರಡು ಅಥವಾ ಅದಕ್ಕಿಂತ ಹೆಚ್ಚು ಕಡೆ ಗೊತ್ತಾಗದಿದ್ದರೆ ಪಾದದ ಸಂವೇದನೆ ಕಡಿಮೆಯಾಗಿದೆ ಎಂದರ್ಥ. ಅಂಥವರಿಗೆ "ಹಾಕಿ ನೋಡಿದೆ, ಆರಾಮಾಗಿದೆ" ಎಂಬ ಪರೀಕ್ಷೆ ನಡೆಯುವುದಿಲ್ಲ. ಶೂ ಕಚ್ಚುತ್ತಿದ್ದರೂ ಅವರಿಗೆ ಆರಾಮಾಗಿಯೇ ಇರುತ್ತದೆ.

ಮೂರನೆಯದು ರಕ್ತ ಸಂಚಾರ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡಂತಾಗಿ, ನಿಂತರೆ ಐದು ಹತ್ತು ನಿಮಿಷದಲ್ಲಿ ಹೋಗುತ್ತದೆಯೇ? ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ? ಹಾಗಿದ್ದರೆ ಕಾಲು ಮತ್ತು ತೋಳಿನ ಬಿಪಿ ಹೋಲಿಸುವ ಎಬಿಐ ಪರೀಕ್ಷೆ ಮಾಡಿಸಿ. ಸೂಜಿಯಿಲ್ಲ, ನೋವಿಲ್ಲ. ಉತ್ತರ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ. ಕಾಲಿನ ನಾಳದಲ್ಲಿ ಕೊಬ್ಬು ಕಟ್ಟಿದವರಿಗೆ ಹೃದಯದ ನಾಳದಲ್ಲೂ ಕಟ್ಟಿರುವ ಸಾಧ್ಯತೆ ಹೆಚ್ಚು. ಹೃದಯದ ಡಾಕ್ಟರು ನಿಮ್ಮ ಸಾಕ್ಸ್ ಬಿಚ್ಚಿಸುವುದು ಇದಕ್ಕೇ.

*ಸೀರೆಗೆ*

ರೇಷ್ಮೆ ಸೀರೆಗೆ ಎತ್ತರದ ಹಿಮ್ಮಡಿ ಬೇಕು, ನೆರಿಗೆ ನೆಲಕ್ಕೆ ತಾಗಬಾರದು ಎನ್ನುತ್ತೀರಿ. ಸರಿ. ಆದರೆ ಎತ್ತರಕ್ಕೂ ಇಳಿಜಾರಿಗೂ ವ್ಯತ್ಯಾಸವಿದೆ. ಹಿಮ್ಮಡಿ 8 ಸೆಂ.ಮೀ. ಎತ್ತರವಿದ್ದು ಮುಂಭಾಗ ತೆಳ್ಳಗಿದ್ದರೆ ದೇಹದ ಭಾರವೆಲ್ಲ ಬೆರಳಿನ ಬುಡಕ್ಕೆ ಬೀಳುತ್ತದೆ. ಕಣಕಾಲು ಸರಿಯಾಗಿ ಮಡಚುವುದಿಲ್ಲ. ನಾವು ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತದೆ. ಕಣಕಾಲು ಆಡದಿದ್ದರೆ ಆ ಪಂಪು ಅರ್ಧಂಬರ್ಧ ಕೆಲಸ ಮಾಡುತ್ತದೆ. ಮದುವೆ ಮನೆಯಲ್ಲಿ ಸಂಜೆಗೆ ಕಾಲು ಭಾರವಾಗುವುದಕ್ಕೆ ಇದೂ ಒಂದು ಕಾರಣ.

ಎತ್ತರ ಬೇಕೇ ಬೇಕಿದ್ದರೆ ಇಡೀ ಅಟ್ಟೆಯೇ ದಪ್ಪಗಿರುವ ಪ್ಲಾಟ್‌ಫಾರ್ಮ್ ಅಥವಾ ವೆಜ್ ತೆಗೆದುಕೊಳ್ಳಿ. ಮುಂಭಾಗಕ್ಕೂ ಹಿಮ್ಮಡಿಗೂ 2-3 ಸೆಂ.ಮೀ. ವ್ಯತ್ಯಾಸವಿದ್ದರೆ ಸಾಕು. ಹಿಮ್ಮಡಿ ಅಗಲವಾಗಿರಲಿ, ಹಿಂದೆ ಪಟ್ಟಿ ಇರಲಿ. ಬಣ್ಣದ ಬಗ್ಗೆ ನನ್ನ ಹೆಂಡತಿಯಿಂದ ಕಲಿತದ್ದು ಇಷ್ಟು: ಮಾಸಲು ಚಿನ್ನದ ಬಣ್ಣದ ಒಂದು ಒಳ್ಳೆಯ ಜೋಡಿ ಹೆಚ್ಚುಕಡಿಮೆ ಎಲ್ಲ ಜರಿ ಸೀರೆಗೂ ಹೊಂದುತ್ತದೆ. ಹತ್ತಿ ಸೀರೆಗೆ ಕಂದು ಅಥವಾ ಮೈಬಣ್ಣದ್ದು ಸಾಕು. ಸೀರೆಗೊಂದರಂತೆ ಆರು ಜೋಡಿ ಅಗ್ಗದ ಚಪ್ಪಲಿ ಕೊಳ್ಳುವ ದುಡ್ಡಿನಲ್ಲಿ ಸರಿಯಾಗಿ ಕೂರುವ ಎರಡು ಜೋಡಿ ಬರುತ್ತದೆ. ಸೀರೆ ಉಡುವ ಮೊದಲೇ ಚಪ್ಪಲಿ ಹಾಕಿಕೊಂಡು ನೆರಿಗೆಯ ಉದ್ದ ಇಟ್ಟುಕೊಳ್ಳಿ. ಚಪ್ಪಟೆ ಚಪ್ಪಲಿಗೆ ತಕ್ಕಂತೆ ಉಟ್ಟ ಸೀರೆ ನೆಲ ಗುಡಿಸುವುದಿಲ್ಲ, ಎಡವಿ ಬೀಳುವ ಭಯವೂ ಇಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಅಮ್ಮ, ಅತ್ತೆಯಂದಿರಿಗೆ ಬೀಳದಿರುವುದು ಎಲ್ಲಕ್ಕಿಂತ ಮುಖ್ಯ.

*ಪಂಚೆಗೆ, ಶೇರ್ವಾನಿಗೆ*

ಪಂಚೆಗೆ ಬೂಟು ಒಪ್ಪುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಮುಂಬೈ, ಪುಣೆಯವರು ಕೊಲ್ಹಾಪುರಿ ಕೊಳ್ಳುತ್ತೀರಿ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಅಥಣಿಯಲ್ಲಿ ಇವನ್ನು ಮಾಡುವ ಕುಟುಂಬಗಳು ಇಂದಿಗೂ ಇವೆ. ಆರೋಗ್ಯವಂತ ಪಾದಕ್ಕೆ ಕೊಲ್ಹಾಪುರಿ ಚೆಂದವೇ. ಕೊಂಡ ಮೇಲೆ ಹತ್ತು ದಿನ ಮನೆಯಲ್ಲಿ ಅರ್ಧ ಅರ್ಧ ಗಂಟೆ ಹಾಕಿ ಮೆದು ಮಾಡಿಕೊಳ್ಳಿ.

ಆದರೆ ಸ್ಪರ್ಶ ಕಡಿಮೆಯಾದವರಿಗೆ ಕೊಲ್ಹಾಪುರಿಯೂ ಬೇಡ, ಹವಾಯಿಯೂ ಬೇಡ. ಬೆರಳಿಗೆ ಸಿಕ್ಕಿಸುವ ಉಂಗುಟ ಬೆರಳಿನ ಸಂದನ್ನು ಉಜ್ಜುತ್ತದೆ. ಚಪ್ಪಲಿ ಜಾರಿಹೋದದ್ದೂ ಇವರಿಗೆ ತಿಳಿಯುವುದಿಲ್ಲ. ಹಿಂದೆ ಪಟ್ಟಿಯಿರುವ, ವೆಲ್ಕ್ರೋದಿಂದ ಸಡಿಲ ಬಿಗಿ ಮಾಡಬಹುದಾದ, ಒಳಗೆ ಮೆತ್ತನೆಯ ಎಂಸಿಆರ್ ರಬ್ಬರ್ ಇರುವ ಕಂದು ಚರ್ಮದ ಸ್ಯಾಂಡಲ್ ಸಿಗುತ್ತದೆ. ಪಂಚೆಯ ಕೆಳಗೆ ಅದು ಸೊಗಸಾಗಿಯೇ ಕಾಣುತ್ತದೆ. ಸ್ಪರ್ಶವಿಲ್ಲದ ಪಾದಕ್ಕೆ ವಿಶೇಷ ಪಾದರಕ್ಷೆ ಬೇಕು ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠ ರೋಗಿಗಳ ಜೊತೆ ಕೆಲಸ ಮಾಡುತ್ತಾ ತೋರಿಸಿಕೊಟ್ಟರು. ನೋವು ಗೊತ್ತಾಗದಿರುವುದೇ ಗಾಯಕ್ಕೆ ದಾರಿ ಎಂಬ ಅವರ ಪಾಠವೇ ಇಂದು ಶುಗರ್ ರೋಗಿಗಳ ಪಾದ ಕಾಯುತ್ತಿದೆ.

ಶೇರ್ವಾನಿಯ ಜೊತೆಗಿನ ಮೋಜಡಿ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಚರ್ಮ ಗಟ್ಟಿ, ಮುಂಭಾಗ ಕಿರಿದು. ಸಾಂಪ್ರದಾಯಿಕ ಜೋಡಿಗಳಲ್ಲಿ ಎಡ ಬಲ ಎಂಬ ಭೇದವೂ ಇರುವುದಿಲ್ಲ. ಇಪ್ಪತ್ತೈದರ ಮದುಮಗ ಹಾಕಿಕೊಳ್ಳಲಿ. ಅವನ ಅರವತ್ತರ ಅಪ್ಪ ಫೋಟೋ ತೆಗೆಯುವವರೆಗೆ ಹಾಕಿ ಬಿಚ್ಚಿಟ್ಟರೆ ಸಾಕು.

*ಸೂಟಿಗೆ, ಆಫೀಸಿಗೆ*

ಕಪ್ಪು ಸೂಟಿಗೆ ಕಪ್ಪು ಶೂ. ಕಡು ನೀಲಿ, ಬೂದು ಬಣ್ಣಕ್ಕೆ ಕಡು ಕಂದೂ ನಡೆಯುತ್ತದೆ. ಬೆಲ್ಟು ಶೂ ಒಂದೇ ಬಣ್ಣ. ಇಷ್ಟು ಸಾಕು. ಇದಕ್ಕಿಂತ ಮುಖ್ಯವಾದ್ದು ಲೇಸಿನ ವಿನ್ಯಾಸ. ಆಕ್ಸ್‌ಫರ್ಡ್ ಶೂದಲ್ಲಿ ಲೇಸಿನ ಎರಡು ರೆಕ್ಕೆಗಳು ಕೆಳಗೆ ಹೊಲಿದು ಮುಚ್ಚಿರುತ್ತವೆ, ಪಾದ ಊದಿದರೆ ಜಾಗ ಸಿಗುವುದಿಲ್ಲ. ಡರ್ಬಿಯಲ್ಲಿ ರೆಕ್ಕೆಗಳು ಬಿಡಿಯಾಗಿ ತೆರೆದುಕೊಳ್ಳುತ್ತವೆ. ಮಧ್ಯಾಹ್ನದ ಮೇಲೆ ಲೇಸ್ ಸಡಿಲ ಮಾಡಿದರಾಯಿತು. ದೂರದಿಂದ ನೋಡಿದವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಲೋಫರ್ ಊದುವ ಕಾಲಿಗೆ ಬೇಡ.

ಬೈಪಾಸ್ ಆದವರು ಇಲ್ಲಿ ಗಮನಿಸಿ. ಹೆಚ್ಚಿನವರಿಗೆ ಕಾಲಿನಿಂದ ರಕ್ತನಾಳ ತೆಗೆದಿರುತ್ತಾರೆ. ಆ ಕಾಲು ಕೆಲವು ತಿಂಗಳು ಇನ್ನೊಂದಕ್ಕಿಂತ ಊದುವುದು ಸಾಮಾನ್ಯ. ಆ ಕಾಲಿನ ಅಳತೆಗೇ ಶೂ ಕೊಳ್ಳಿ, ಇನ್ನೊಂದರೊಳಗೆ ಒಂದು ಪದರ ಹಾಸು ಹಾಕಿ. ಮುಂಬೈ, ಚೆನ್ನೈ ಮಳೆಯಲ್ಲಿ ನೆನೆದ ಶೂ ಮಾರನೆಯ ದಿನ ಹಾಕಬೇಡಿ. ಬೆರಳ ಸಂದಿನಲ್ಲಿ ಫಂಗಸ್ ಬಂದು, ಚರ್ಮ ಬಿರಿದು, ಅಲ್ಲಿಂದ ಸೋಂಕು ಏರಿ, ನಾಳ ತೆಗೆದ ಕಾಲು ಕೆಂಪಾಗಿ ಜ್ವರ ಬಂದು ಅಡ್ಮಿಟ್ ಆಗುವವರಿದ್ದಾರೆ. ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒದ್ದೆ ಜೋಡಿಯೊಳಗೆ ಹಳೆಯ ಪೇಪರ್ ತುರುಕಿಡಿ.

ಲೋಕಲ್ ಟ್ರೇನು, ಮೆಟ್ರೋ ಎಂದು ದಿನಾ ಮೆಟ್ಟಿಲು ಹತ್ತಿಳಿಯುವವರು ವಾಕಿಂಗ್ ಶೂ ಹಾಕಿ ಹೊರಡಿ, ಆಫೀಸಿನ ಶೂ ಅಲ್ಲೇ ಡ್ರಾಯರಿನಲ್ಲಿರಲಿ. ಒಂದು ನಿಲ್ದಾಣ ಮೊದಲೇ ಇಳಿದು ನಡೆಯಲು ಮನಸ್ಸಾಗುವುದು ಕಾಲಿಗೆ ಹಿತವಾದ ಶೂ ಇದ್ದಾಗ ಮಾತ್ರ. ಪೂರ್ತಿ ಕಪ್ಪು ಬಣ್ಣದ ವಾಕಿಂಗ್ ಶೂ ಕಡು ಪ್ಯಾಂಟಿನ ಕೆಳಗೆ ಎದ್ದು ಕಾಣುವುದೂ ಇಲ್ಲ. ಈಗ ಹುಡುಗ ಹುಡುಗಿಯರು ಕುರ್ತಾಕ್ಕೂ ಬಿಳಿ ಸ್ನೀಕರ್ಸ್ ಹಾಕುತ್ತಾರೆ. ನಮ್ಮಂಥ ಡಾಕ್ಟರುಗಳಿಗೆ ಇಷ್ಟು ಅನುಕೂಲವಾದ ಫ್ಯಾಷನ್ ಇನ್ನೊಂದು ಬಂದಿಲ್ಲ.

*ಅಂಗಡಿಯಲ್ಲಿ*

ಸಂಜೆ ಹೋಗಿ, ಆಗ ಪಾದ ದೊಡ್ಡದಿರುತ್ತದೆ. ಡೆಲ್ಲಿಯವರು ಚಳಿಗಾಲದ ದಪ್ಪ ಸಾಕ್ಸ್ ಜೊತೆಗೆ ಒಯ್ಯಿರಿ. ಮನೆಯಲ್ಲೇ ಕಾಗದದ ಮೇಲೆ ನಿಂತು ಎರಡೂ ಪಾದದ ಸುತ್ತ ಗೆರೆ ಎಳೆದು, ಕತ್ತರಿಸಿ, ಆ ಕಾಗದವನ್ನು ಶೂ ಒಳಗೆ ಹಾಕಿ ನೋಡಿ. ಕಾಗದದ ಅಂಚು ಮಡಚಿಕೊಂಡರೆ ಆ ಶೂ ನಿಮ್ಮದಲ್ಲ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು. ಸಂವೇದನೆ ಕಡಿಮೆಯಿದ್ದವರಿಗೆ ಈ ಕಾಗದವೇ ಕಣ್ಣು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಯುರೋಪು, ಅಮೆರಿಕದವರಿಗಿಂತ ಅಗಲ ಎಂದು ಕಂಡುಕೊಂಡಿತು. ನಾವು ಇಷ್ಟು ವರ್ಷ ಅವರ ಅಳತೆಯ ಶೂ ಕೊಳ್ಳುತ್ತಾ, ಅಗಲ ಸಾಲದೆ ಒಂದು ಸೈಜು ಉದ್ದದ್ದನ್ನು ತರುತ್ತಿದ್ದೇವೆ. ಉದ್ದ ಹೆಚ್ಚಾದರೆ ಹಿಮ್ಮಡಿ ಜಾರಿ ಉಜ್ಜುತ್ತದೆ. ಸೈಜು ಏರಿಸುವ ಮೊದಲು ಅಗಲದ ಮಾದರಿ ಇದೆಯೇ ಎಂದು ಕೇಳಿ.

ಹೊಸ ಶೂ ಮದುವೆಗೆ ಎರಡು ವಾರ ಮೊದಲೇ ಮನೆಯಲ್ಲಿ ದಿನಾ ಒಂದು ಗಂಟೆ ಹಾಕಿ. ಬಿಚ್ಚಿದ ಮೇಲೆ ಕೆಂಪು ಗುರುತು ಇದೆಯೇ ನೋಡಿ. ಹಾಕುವ ಮೊದಲು ಒಳಗೆ ಕೈಯಾಡಿಸಿ. ದೇವಸ್ಥಾನದಲ್ಲಿ ಚಪ್ಪಲಿ ಹೊರಗೇ ಬಿಡಬೇಕು, ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡ ಶುಗರ್ ರೋಗಿಗಳನ್ನು ನಾವು ನೋಡುತ್ತೇವೆ. ಬೆಳಿಗ್ಗೆ ಬೇಗ ಹೋಗಿ, ಅಥವಾ ದಪ್ಪ ಹತ್ತಿಯ ಸಾಕ್ಸ್ ಹಾಕಿಕೊಳ್ಳಿ.

ಒಂದೇ ಕಾಲು ಏಕಾಏಕಿ ಊದಿ ಮೀನಖಂಡ ನೋಯುತ್ತಿದ್ದರೆ, ಅದರಲ್ಲೂ ದೂರ ಪ್ರಯಾಣದ ನಂತರ, ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿ ಮಸಾಜ್ ಮಾಡಬೇಡಿ. ಎರಡೂ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ ದಿಂಬು ಏರಿಸಬೇಕಾದರೆ, ಮೂರು ದಿನದಲ್ಲಿ 2 ಕೆ.ಜಿ.ಗಿಂತ ಹೆಚ್ಚು ತೂಕ ಏರಿದರೆ, ಬೆರಳು ತಣ್ಣಗಾಗಿ ಬಣ್ಣ ಬದಲಾದರೆ, ಆಗಲೂ ಕಾಯಬೇಡಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಳ್ಳೆಯ ಚಪ್ಪಲಿ ಹುಡುಕಬೇಡಿ. ದಿನಾ ಹಾಕುವುದನ್ನೇ ಹಾಕಿಕೊಂಡು ಹೋಗಿ, ಅಟ್ಟೆ ಯಾವ ಕಡೆ ಸವೆದಿದೆ ಎಂದು ಅವರಿಗೆ ತಿರುಗಿಸಿ ತೋರಿಸಿ.