ಪರರ ನಾಯಿಗಳ ಪಾಲನೆಯಿಂದ ಜೀವನೋಪಾಯ: ಸ್ವಸಹಾಯ ಗುಂಪುಗಳ ಅಧ್ಯಯನಕ್ಕಾಗಿ

ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿ ಹೊಲಗಳ ಪಕ್ಕದಲ್ಲಿಯೇ ಬಡಾವಣೆಗಳೂ ಬಹುಮಹಡಿ ವಸತಿ ಸಮುಚ್ಚಯಗಳೂ ತಲೆಯೆತ್ತಿವೆ. ಅಲ್ಲಿನ ನಿವಾಸಿಗಳಲ್ಲಿ ಅನೇಕರು ನಾಯಿ ಸಾಕುತ್ತಾರೆ. ಪತಿ ಪತ್ನಿ ಇಬ್ಬರೂ ಬೆಳಿಗ್ಗೆ ಕಚೇರಿಗೆ ಹೊರಟರೆ ಮರಳುವುದು ಕತ್ತಲಾದ ಮೇಲೆ. ಹಬ್ಬ ಹರಿದಿನಗಳಲ್ಲಿ ಊರಿಗೆ ಹೋಗುವವರಿಗೆ ನಾಯಿಯನ್ನು ಎಲ್ಲಿ ಬಿಡುವುದೆಂಬ ಚಿಂತೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಪ್ರಯಾಣಿಕರ ದಾರಿಯಲ್ಲಿಯೇ ಅನೇಕ ಗ್ರಾಮಗಳು ಬಂದಿವೆ. ಈ ಅಗತ್ಯವನ್ನು ಆದಾಯವಾಗಿ ಪರಿವರ್ತಿಸಿಕೊಳ್ಳಲು ಗ್ರಾಮೀಣ ಕುಟುಂಬಗಳಿಗೆ ಅವಕಾಶವಿದೆ. ಆದರೆ ಇದು ಪ್ರೀತಿಯೊಂದರಿಂದಲೇ ನಡೆಯುವ ಕಸುಬಲ್ಲ. ಯಾವ ನಾಯಿಯನ್ನು ಒಪ್ಪಿಕೊಳ್ಳಬೇಕು, ಯಾವುದನ್ನು ಹಿಂದಕ್ಕೆ ಕಳುಹಿಸಬೇಕು ಎಂಬ ತೀರ್ಮಾನದಲ್ಲಿಯೇ ಇದರ ಲಾಭ ನಷ್ಟಗಳೆರಡೂ ಅಡಗಿವೆ.

"ನಾಯಿ ಕಾಯುವ ಕೆಲಸ" ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ನಸುಕಿನಲ್ಲೆದ್ದು ಎರಡು ಹಸುಗಳ ಹಾಲು ಕರೆಯುವ ಮಹಿಳೆಗೆ ಪ್ರಾಣಿಯ ಮೇವು, ಸೆಗಣಿ, ಜ್ವರ, ಬೆದೆ ಯಾವುದೂ ಹೊಸದಲ್ಲ. ಆಕೆ ಬಿಟ್ಟುಕೊಡಬೇಕಾದ ಅಭ್ಯಾಸ ಒಂದೇ. ಹಸುವನ್ನು ಗೂಟಕ್ಕೆ ಕಟ್ಟಿದರೆ ಮೆಲುಕು ಹಾಕುತ್ತ ಮಲಗುತ್ತದೆ. ದಿನವಿಡೀ ಕಟ್ಟಿಹಾಕಿದ ನಾಯಿ ಬೊಗಳಿ ಬೊಗಳಿ ಕಡೆಗೆ ಕಚ್ಚುವ ನಾಯಿಯಾಗುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮವು ಪ್ರಾಣಿಯನ್ನು ಅತಿಯಾದ ಅವಧಿಯವರೆಗೆ ಗಿಡ್ಡ ಅಥವಾ ಭಾರವಾದ ಸರಪಳಿಯಿಂದ ಕಟ್ಟುವುದನ್ನು ಅಪರಾಧವೆಂದೇ ಪರಿಗಣಿಸುತ್ತದೆ.

ಬಂಡವಾಳವಿಲ್ಲದೆ ಆರಂಭಿಸಬಹುದಾದುದು ನಾಯಿಗಳನ್ನು ವಾಯುವಿಹಾರಕ್ಕೆ ಕರೆದೊಯ್ಯುವ ಸೇವೆ. ಇಲ್ಲಿ ಆದಾಯವನ್ನು ನಿರ್ಧರಿಸುವುದು ನಾಯಿಗಳ ಸಂಖ್ಯೆಗಿಂತ ಮನೆಗಳ ನಡುವಿನ ದೂರ. ಒಂದು ನಾಯಿಗೆ 30 ನಿಮಿಷ, ಮುಂದಿನ ಮನೆ ತಲುಪಲು 15 ನಿಮಿಷ ಎಂದಿಟ್ಟುಕೊಂಡರೆ ಬೆಳಗಿನ 3 ಗಂಟೆಗಳಲ್ಲಿ 4 ನಾಯಿಗಳಷ್ಟೇ ಸಾಧ್ಯ. ಅದೇ ಮನೆಗಳು ಒಂದೇ ಸಮುಚ್ಚಯದಲ್ಲಿದ್ದು ನಡುವಿನ ಅವಧಿ 5 ನಿಮಿಷಕ್ಕೆ ಇಳಿದರೆ 5 ನಾಯಿಗಳಾಗುತ್ತವೆ, ಪೆಟ್ರೋಲಿನ ಖರ್ಚೂ ಉಳಿಯುತ್ತದೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತಿಗೆ ತಿಂಗಳಿಗೆ ತಲಾ 3,000 ರೂ. ಎಂದು ಲೆಕ್ಕಕ್ಕಾಗಿ ಭಾವಿಸಿದರೆ ಇದು 12,000 ಮತ್ತು 15,000 ರೂ.ಗಳ ನಡುವಿನ ವ್ಯತ್ಯಾಸ. ಬೇರೆ ಬೇರೆ ಮನೆಯ ಎರಡು ನಾಯಿಗಳನ್ನು ಒಟ್ಟಿಗೆ ಹಿಡಿದು ಸಮಯ ಉಳಿಸುವ ಆಸೆ ಹುಟ್ಟುವುದು ಸಹಜ. ಅವು ಪರಸ್ಪರ ಹೊಂದಿಕೊಂಡಿರುವುದು ಖಚಿತವಾಗುವವರೆಗೆ ಹಾಗೆ ಮಾಡತಕ್ಕದ್ದಲ್ಲ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸಬೇಕು; ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳು ಬಿಸಿಲಿನ ಆಘಾತಕ್ಕೆ ಬೇಗನೆ ತುತ್ತಾಗುತ್ತವೆ.

ಸ್ನಾನ ಮಾಡಿಸುವುದು, ಕೂದಲು ಬಾಚುವುದು, ಉಗುರು ಕತ್ತರಿಸುವುದು ಇದಕ್ಕೆ ಹೊಂದಿಕೊಂಡ ಉಪಕಸುಬು. ಉಗುರಿನೊಳಗೆ ರಕ್ತನಾಳವಿರುವುದರಿಂದ ಇದನ್ನು ಪಶುವೈದ್ಯರ ಬಳಿ ನೋಡಿ ಕಲಿಯುವುದು ಲೇಸು.

ನಾಯಿಗಳನ್ನು ಕೆಲವು ದಿನ ಇರಿಸಿಕೊಳ್ಳುವ ವಸತಿ ಸೇವೆಯಲ್ಲಿ ಹೆಚ್ಚು ಹಣವಿದೆ, ಹೆಚ್ಚು ಅಪಾಯವೂ ಇದೆ. ಬಹುತೇಕರು ಮಾಡುವ ತಪ್ಪೆಂದರೆ ತಿಂಗಳಿಗೆ 30 ದಿನವೂ ಜಾಗ ತುಂಬಿರುತ್ತದೆಂದು ಭಾವಿಸಿ ಸಾಲ ಪಡೆಯುವುದು. 4 ಗೂಡುಗಳ ಶೆಡ್ಡನ್ನು 3 ಲಕ್ಷ ರೂ. ಸಾಲದಲ್ಲಿ ಕಟ್ಟಿ, ಮಾಸಿಕ ಕಂತು 6,500 ರೂ. ಆಗುವುದೆಂದೂ ನಾಯಿಯೊಂದಕ್ಕೆ ದಿನಕ್ಕೆ 600 ರೂ. ದೊರೆಯುವುದೆಂದೂ ಊಹಿಸೋಣ. ಆಹಾರಕ್ಕೆ ದಿನಕ್ಕೆ ತಲಾ 150 ರೂ., ವಿದ್ಯುತ್ತು, ನೀರು, ಶುಚಿತ್ವ, ಸಹಾಯಕರಿಗೆ ತಿಂಗಳಿಗೆ 5,000 ರೂ. ವೆಚ್ಚ. ಸಾಲು ರಜೆಗಳಿರುವ ತಿಂಗಳಲ್ಲಿ 12 ದಿನ ನಾಲ್ಕೂ ಗೂಡು ತುಂಬಿದರೆ 28,800 ರೂ. ಬಂದು, ಖರ್ಚು ಮತ್ತು ಕಂತು ಕಳೆದು 10,100 ರೂ. ಉಳಿಯುತ್ತದೆ. ಕೇವಲ 4 ದಿನ ತುಂಬಿದ ತಿಂಗಳಲ್ಲಿ ಬರುವುದು 9,600 ರೂ.; ಖರ್ಚು ಕಳೆದು ಉಳಿಯುವ 2,200 ರೂ.ಗಳಲ್ಲಿ ಕಂತು ತೀರುವುದಿಲ್ಲ. ಆಗ ಅಡವಿಗೆ ಹೋಗುವುದು ಮನೆಯ ಒಡವೆ. ಆದ್ದರಿಂದ ಮೊದಲ ವರ್ಷ ಸ್ವಂತ ಮನೆಯಲ್ಲಿಯೇ ಒಂದೆರಡು ನಾಯಿಗಳನ್ನಷ್ಟೇ ಇರಿಸಿಕೊಂಡು, ಯಾವ ತಿಂಗಳು ಎಷ್ಟು ದಿನ ಬೇಡಿಕೆ ಬಂದಿತೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಕ್ಕೂಟವು ಸಾಲ ಮಂಜೂರು ಮಾಡುವ ಮುನ್ನ ಕೇಳಬೇಕಾದ ಮೊದಲ ದಾಖಲೆ ಈ ಪುಸ್ತಕ. ಕೃಷಿ ಜಮೀನಿನಲ್ಲಿ ಶೆಡ್ ಕಟ್ಟುವ ಉದ್ದೇಶವಿದ್ದರೆ ಭೂಪರಿವರ್ತನೆ ಮತ್ತು ಪರವಾನಗಿಯ ಬಗ್ಗೆ ಅಡಿಪಾಯ ತೋಡುವ ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸತಕ್ಕದ್ದು.

ನಾಯಿಯನ್ನು ಒಪ್ಪಿಸಿಕೊಳ್ಳುವ ಗಳಿಗೆಯೇ ಅತ್ಯಂತ ಮುಖ್ಯವಾದುದು. ಲಸಿಕೆ ಪುಸ್ತಕವನ್ನು ಕಣ್ಣಾರೆ ನೋಡದೆ ಯಾವ ನಾಯಿಯನ್ನೂ ಒಳಗೆ ಬಿಡಕೂಡದು. ರೇಬೀಸ್ ಲಸಿಕೆಯ ಅವಧಿ ಮುಗಿದಿರಬಾರದು. ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ಲಸಿಕೆಯೂ ಆಗಿರಬೇಕು. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಒಂದು ಮರಿ ರಕ್ತಭೇದಿಯಿಂದ ಸತ್ತ ಜಾಗಕ್ಕೆ ಮುಂದೆ ಬರುವ ಲಸಿಕೆಯಿಲ್ಲದ ಮರಿಗಳೆಲ್ಲವೂ ಅಪಾಯಕ್ಕೆ ಈಡಾಗುತ್ತವೆ. ಮಣ್ಣಿನ ನೆಲವನ್ನು ಸೋಂಕುಮುಕ್ತಗೊಳಿಸಲು ಸಾಧ್ಯವಿಲ್ಲವಾದುದರಿಂದ ನೀರು ನಿಲ್ಲದಂತೆ ಇಳಿಜಾರಿರುವ ಸಿಮೆಂಟ್ ನೆಲವೇ ಬೇಕು. ಮಲವನ್ನು ತೆಗೆದು ತೊಳೆದ ನಂತರವೇ ಬ್ಲೀಚಿಂಗ್ ದ್ರಾವಣ ಹಾಕಬೇಕು. ಕೊಳೆಯ ಮೇಲೆ ಸುರಿದ ಬ್ಲೀಚಿಂಗ್ ವ್ಯರ್ಥ. ತೊಳೆದ ನೀರನ್ನು ಇಂಗುಗುಂಡಿಗೆ ಹರಿಸಬೇಕೇ ಹೊರತು ಬೀದಿ ಚರಂಡಿಗಲ್ಲ. ಉಣ್ಣೆಗಳಿರುವ ನಾಯಿಯನ್ನು ಅಂದೇ ಹಿಂದಿರುಗಿಸುವುದು ಕಠಿಣವೆನಿಸಿದರೂ ಸರಿಯಾದ ಕ್ರಮ, ಏಕೆಂದರೆ ಉಣ್ಣೆ ಜ್ವರ ಉಳಿದ ನಾಯಿಗಳಿಗೂ ಹರಡುತ್ತದೆ. ಬೆದೆಗೆ ಬಂದ ಹೆಣ್ಣು ನಾಯಿಯನ್ನು ಗಂಡು ನಾಯಿಗಳಿರುವಾಗ ಸ್ವೀಕರಿಸುವಂತಿಲ್ಲ.

ಲಿಖಿತ ಒಪ್ಪಂದಕ್ಕೆ ಒಂದು ಹಾಳೆ ಸಾಕು. ಮಾಲೀಕರ ಹಾಗೂ ಇನ್ನೊಬ್ಬ ಬಂಧುವಿನ ದೂರವಾಣಿ, ಆಹಾರದ ಹೊತ್ತು, ಔಷಧಿ, ಹಿಂದೆ ಯಾರನ್ನಾದರೂ ಕಚ್ಚಿದೆಯೇ ಎಂಬ ಪ್ರಶ್ನೆಗೆ ಸಹಿಯೊಡನೆ ಉತ್ತರ, ತುರ್ತು ಚಿಕಿತ್ಸೆಗೆ ಎಷ್ಟು ರೂಪಾಯಿಯವರೆಗೆ ವೆಚ್ಚ ಮಾಡಲು ಅನುಮತಿಯಿದೆ ಎಂಬುದು, ಮರಳಿ ಕರೆದೊಯ್ಯುವ ದಿನಾಂಕ ಅದರಲ್ಲಿರಬೇಕು. ಹೇಳಿದ ದಿನ ಮಾಲೀಕರು ಬಾರದಿದ್ದರೆ ಏನು ಮಾಡಬೇಕೆಂಬುದನ್ನೂ ಅಲ್ಲಿಯೇ ಬರೆಯಬೇಕು. ಮುದಿ ನಾಯಿಯನ್ನು ಬಿಟ್ಟುಹೋಗಿ ದೂರವಾಣಿ ಸ್ಥಗಿತಗೊಳಿಸುವವರೂ ಇರಬಹುದು. ಪೂರ್ಣ ಶುಲ್ಕವನ್ನು ಮುಂಗಡವಾಗಿ ಪಡೆಯುವುದರಲ್ಲಿ ಸಂಕೋಚ ಬೇಡ. 1872ರ ಭಾರತೀಯ ಕರಾರು ಅಧಿನಿಯಮದ 151ನೆಯ ಪ್ರಕರಣದಂತೆ, ಒಪ್ಪಿಸಿಕೊಂಡ ಸ್ವತ್ತನ್ನು ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನದನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು. ಕ್ರೌರ್ಯ ತಡೆ ಅಧಿನಿಯಮದ 3ನೆಯ ಪ್ರಕರಣವು ಪ್ರಾಣಿಯ ಕ್ಷೇಮದ ಹೊಣೆಯನ್ನು ಮಾಲೀಕರ ಮೇಲಷ್ಟೇ ಅಲ್ಲ, ಆ ಹೊತ್ತಿಗೆ ಅದು ಯಾರ ವಶದಲ್ಲಿದೆಯೋ ಅವರ ಮೇಲೂ ಹೊರಿಸುತ್ತದೆ. ವಶದಲ್ಲಿರುವ ನಾಯಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಡಿ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು.

ಕಡಿತದ ವಿಷಯದಲ್ಲಿ ಸ್ವಲ್ಪವೂ ರಿಯಾಯಿತಿ ಇರಕೂಡದು. ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಬದುಕುಳಿಯುವುದು ಇಲ್ಲವೆನ್ನುವಷ್ಟು ವಿರಳ. ಈ ಕಸುಬಿಗೆ ಇಳಿಯುವವರು ಕಡಿತಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಲಸಿಕೆ ಪಡೆಯುವುದು ಒಳಿತು. ಮೊದಲ ದಿನ, 7ನೆಯ ದಿನ, ನಂತರ 21 ಅಥವಾ 28ನೆಯ ದಿನ ಹೀಗೆ ಮೂರು ಬಾರಿ ಇದನ್ನು ನೀಡಲಾಗುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಕೂಡದು. ನಾಯಿಗೆ ಲಸಿಕೆಯಾಗಿದೆ ಎಂಬ ಧೈರ್ಯದಿಂದ ಮನೆಯಲ್ಲಿ ಉಳಿಯದೆ, ಮುನ್ನೆಚ್ಚರಿಕೆಯ ಲಸಿಕೆ ಪಡೆದವರೂ ಸೇರಿದಂತೆ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕೂಲಿಗೆ ಬಂದ ಸಹಾಯಕರು ಕೆಲಸ ಹೋದೀತೆಂಬ ಭಯದಿಂದ ಸಣ್ಣ ಗಾಯವನ್ನು ಮುಚ್ಚಿಡುವುದುಂಟು. ಆಸ್ಪತ್ರೆಗೆ ಹೋದ ದಿನದ ಕೂಲಿ ಕಡಿತವಾಗದೆಂದು ಮೊದಲ ದಿನವೇ ಅವರಿಗೆ ತಿಳಿಸಬೇಕು. ಮನೆಯ ಹಾಗೂ ಕೇರಿಯ ನಾಯಿಗಳಿಗೂ ಲಸಿಕೆ ಹಾಕಿಸದಿದ್ದರೆ ಒಳಗಿನ ಎಚ್ಚರಿಕೆ ಅರ್ಧ ಮಾತ್ರ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ನಡೆಯುವ ಲಸಿಕಾ ಶಿಬಿರಗಳನ್ನು ಬಳಸಿಕೊಳ್ಳಬಹುದು.

ಆಹಾರದಲ್ಲಿ ಮನೆಯವರ ಔದಾರ್ಯವೇ ಕೆಲವೊಮ್ಮೆ ವಿಷವಾಗುತ್ತದೆ. ಈರುಳ್ಳಿ ಹಾಕಿದ ಸಾರು, ಒಣದ್ರಾಕ್ಷಿಯ ಪಾಯಸ, ಚಾಕೊಲೇಟ್, ಬೇಯಿಸಿದ ಕೋಳಿಯ ಮೂಳೆ ಇವನ್ನು ನೀಡಬಾರದು. ಮಾಲೀಕರೇ ತಂದುಕೊಟ್ಟ ಆಹಾರವನ್ನು ಅವರು ಹೇಳಿದ ಅಳತೆಯಲ್ಲಿ ಕೊಡುವುದು ಉತ್ತಮ. ಹೊಸ ಜಾಗದಲ್ಲಿ ಮೊದಲ ದಿನ ನಾಯಿ ಉಣ್ಣದಿದ್ದರೆ ಗಾಬರಿಪಡಬೇಕಿಲ್ಲ, ಎರಡನೆಯ ದಿನವೂ ಹಾಗೆಯೇ ಇದ್ದರೆ ವೈದ್ಯರಿಗೆ ತಿಳಿಸಬೇಕು.

ಅತಿ ಹೆಚ್ಚು ಬೇಡಿಕೆಯಿರುವ ದಿನಗಳೇ ಅತಿ ಹೆಚ್ಚು ನಾಯಿಗಳು ತಪ್ಪಿಸಿಕೊಳ್ಳುವ ದಿನಗಳೂ ಹೌದು. ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿದ ನಾಯಿ ಆಳೆತ್ತರದ ಗೋಡೆಯನ್ನೂ ಹಾರುತ್ತದೆ, ಕೊರಳಪಟ್ಟಿಯಿಂದ ನುಣುಚಿಕೊಳ್ಳುತ್ತದೆ, ಅಪರಿಚಿತ ಊರಿನಲ್ಲಿ ಮರಳುವ ದಾರಿ ತಿಳಿಯದೆ ಹೆದ್ದಾರಿಗೆ ಬೀಳುತ್ತದೆ. ಆ ವಾರಕ್ಕೆ ಬರಲಿರುವ ಪ್ರತಿಯೊಂದು ನಾಯಿಯೂ ಹಬ್ಬಕ್ಕೆ ಮೊದಲೇ ಒಂದು ರಾತ್ರಿಯಾದರೂ ಆ ಮನೆಯಲ್ಲಿ ತಂಗಿ ಹೋಗಿರಬೇಕು. ಕೊರಳಪಟ್ಟಿಯಲ್ಲಿ ದೂರವಾಣಿ ಸಂಖ್ಯೆ ಇರಬೇಕು. ಸಂಜೆ 6 ಗಂಟೆಯ ನಂತರ ಎರಡು ಬಾಗಿಲುಗಳ ಒಳಗೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಜೊತೆಗೊಬ್ಬರು ಕುಳಿತಿರಬೇಕು. ಹೀಗೆ ಕುಳಿತುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆ ವಾರದ ನಾಯಿಗಳನ್ನು ಒಪ್ಪಿಕೊಳ್ಳತಕ್ಕದ್ದಲ್ಲ.